ಎರಡನೇ ಹಗ್ಗ

ಜನವರಿ, ಇಸಾಫ್ಯೋರ್ದುರ್. ಹಗಲೆಂದರೆ ಇಲ್ಲಿ
ಕಡ್ಡಿ ಗೀರಿ ಆರಿಸಿದಷ್ಟು ಹೊತ್ತು.
ಮೀನಿನ ಶೈತ್ಯಾಗಾರದ ಮೇಲಿನ ಕೋಣೆಯಲ್ಲಿ ಸ್ಟೇನುನ್
ಹಿಮಕುಸಿತಕ್ಕೆ ಕಾವಲಿರುವ ಪ್ರೋಗ್ರಾಮಿನ ಎದುರು ಕೂತಿದ್ದಾಳೆ.
ಬೆಟ್ಟದ ಮೇಲೆ ಒಂಬತ್ತು ಕಂಬ, ಕಂಬಕ್ಕೊಂದು ಯಂತ್ರ,
ಯಂತ್ರಕ್ಕೊಂದು ಎಳೆ.
ತನ್ನ ಕಂಬದ ಬಾಯಿಗೆ ಕಿವಿಯಿಟ್ಟು
'ಹೇಳು' ಅಂದು ಕಾಯುತ್ತದೆ ಎಳೆ. ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ.

ನಾಲ್ಕನೇ ಕಂಬ ಮೊನ್ನೆ ರಾತ್ರಿ ಹಿಮದಡಿ ಹೋಯಿತು.
ಹೋಗುತ್ತೇನೆ ಅನ್ನಲಿಲ್ಲ, ಫೋನು ಕೆಳಗಿಡಲಿಲ್ಲ.
ನಾಲ್ಕನೇ ಎಳೆ ಕೂತೇ ಇದೆ, ಕಿವಿ ಚಾಚಿ.
ಕರೆದರೆ ಕೇಳದು:
ಕೇಳುವುದರಲ್ಲೇ ಮುಳುಗಿದೆ.

ಗಾಳಿ ಏಳುವ ಮುಂಚೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ಹೂಡಬೇಕು.
ಎಂಟು ಎಳೆ ಎದ್ದು ಬಂದವು. ಮುಖ್ಯ ಎಳೆ
ಹೊಸಿಲಲ್ಲಿ ನಿಂತಿದೆ, ಎಲ್ಲರೂ ಒಳಬಂದ ಮೇಲೇ
ದೀಪ ಆರಿಸುವ ಮನೆಯೊಡತಿಯ ಹಾಗೆ.

ಹೋದ ವರ್ಷ ಹೀಗೇ ಆದಾಗ ಸ್ಟೇನುನ್ ಎಳೆಯನ್ನು ಕೊಂದಿದ್ದಳು.
ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಯೊಂದಿಗೇ ಸತ್ತಿತು ಅದು.
ಉಳಿದವು ಬೀಗದ ಮುಂದೆ ಸಾಲುಗಟ್ಟಿ ನಿಂತವು,
ಬೆಳಗಿನ ತನಕ, ಒಂದೂ ಕೆಮ್ಮದೆ.

ಆಮೇಲೊಮ್ಮೆ ಬಾಗಿಲನ್ನೇ ಹೊರಗಿನಿಂದ ಮುಚ್ಚಿದಳು.
ಏಳನೇ ನಂಬರಿನ ಬಾಗಿಲು. ಮುಚ್ಚಿದ ಗಳಿಗೆಯಲ್ಲೇ
ಇನ್ಯಾರೋ ಬಂದರು, ವ್ಯವಸ್ಥೆ ಅವರಿಗೂ ಏಳೇ ಕೊಟ್ಟಿತು,
ಎಳೆ ಆಕಳಿಸಿ ಮತ್ತೆ ಏಳಕ್ಕೇ ಕಿವಿಯಿಟ್ಟಿತು.
ಶಾಲೆಯ ಬಾಯ್ಲರಿನ ಮಾತು ಬೆಟ್ಟದ ಮಾತಾಯಿತು:
ಹಿಮದ ಉಷ್ಣತೆ ಅರವತ್ತೆಂಟು ಡಿಗ್ರಿ!
ಊರಿನ ಸೈರನ್ ಹೊಡೆದುಕೊಂಡಿತು,
ಬೇಕರಿಯ ಸೊಲ್ವೇಯ್ ಹಿಟ್ಟಿನ ಕೈಯಲ್ಲೇ ಬೀದಿಗೆ ಬಂದಳು.

ಗಡುವೂ ಇಟ್ಟು ನೋಡಿದ್ದಾಯಿತು. ಸೆಕೆಂಡಿಗೊಮ್ಮೆ ಎದ್ದು
ಬಂತಾ? ಇಲ್ಲ. ಬಂತಾ? ಇಲ್ಲ.
ಜ್ವರದ ಮಗುವಿನ ಪಕ್ಕದ ನಿದ್ದೆ ಅದು,
ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ.

ಎಳೆ ಅಂದರೆ ನೂಲು. ಎಳೆ ಅಂದರೆ ಎಳೆದು ಬಿಡು.
ಎಳೆ ಅಂದರೆ ಇನ್ನೂ ಬಲಿಯದ್ದು.
ಮೂರನ್ನೂ ಒಟ್ಟಿಗೆ ನೆನೆದರೆ
ಕೈ ಹಿಡಿದು ಎಳೆಯಲು ಮನಸ್ಸಾಗದು.

ಕಾವಲಿನ ಹೆರ್ಮುಂದುರ್ ಕಾಫಿ ತಂದಿಟ್ಟ. ಎಪ್ಪತ್ತೊಂಬತ್ತು ವಯಸ್ಸು.
ಅವಳು ಹೇಳಿದ್ದರಲ್ಲಿ ಅವನಿಗೆ ತಿಳಿದದ್ದು ಇಷ್ಟು:
ಒಬ್ಬ ಕೆಳಗಿದ್ದಾನೆ, ಮೇಲಿನವರ ಕೂಗು ಮುಟ್ಟುತ್ತಿಲ್ಲ.

'ಹೋರ್ನ್‌ಬ್ಯರ್ಗ್ ಬಂಡೆಯಲ್ಲಿ ಹಕ್ಕಿಮೊಟ್ಟೆಗೆ ನನ್ನನ್ನು ಇಳಿಬಿಡುತ್ತಿದ್ದರು.
ಸೊಂಟಕ್ಕೆ ದಪ್ಪ ಹಗ್ಗ, ಅದು ಭಾರಕ್ಕೆ.
ಅದನ್ನು ಮೇಲಿನವರು ಜಗ್ಗಿದರೆ ನಾನು ಬಂಡೆಗೆ ಬಡಿದು ಮೊಟ್ಟೆಯ ಪಾಕ.
ಕಡಿದರೆ, ಹೇಳುವುದೇ ಬೇಡ.
ಎಡಗೈಗೆ ಇನ್ನೊಂದಿತ್ತು, ಮೀನುದಾರದಷ್ಟು ಸಣ್ಣದು.
ಮೊಟ್ಟೆಗೆ ಕೈಚಾಚಿದಾಗಲೂ ಮಣಿಕಟ್ಟು ಅದರ ಕಡೆಗೇ.
ಒಂದು ಸಲ ಮಿಡಿದರೆ: ಸಾಕು, ಬಾ.
ಚೀಲ ಕಟ್ಟಿ, ಕಾಲು ಊರಿ, ನಾನೇ ಹತ್ತುತ್ತಿದ್ದೆ.'

ಅವಳು ಕಾಫಿ ಕುಡಿಯಲಿಲ್ಲ.

ಎಳೆ ಎಳೆಗೂ ಸಣ್ಣದೊಂದು ಕೊಳವೆ ಜೋಡಿಸಿದಳು.
ಇನ್ನು ಕಾಯುವುದು ಎರಡಕ್ಕೂ: ಬೆಟ್ಟ ನುಡಿದರೆ ಬೆಟ್ಟಕ್ಕೆ,
ಕೊಳವೆ ಮಿಡಿದರೆ ಕೊಳವೆಗೆ. ಯಾವುದೂ ಇಲ್ಲದಿದ್ದರೆ
ನೆಮ್ಮದಿಯ ನಿದ್ದೆ, ಗಡುವಿಲ್ಲದ್ದು.
ಹಳೆಯ ಪ್ರೋಗ್ರಾಮಿಗೆ ಇದಿಲ್ಲ. ಅದನ್ನು ಒರಟಾಗಿಯೇ ಕೆಡವಿದಳು,
ಕಡೆಯ ಸಲ, ಕ್ಷಮಿಸು ಅಂದು.

ಹೊಸದನ್ನು ಹೂಡಿ, ಪರೀಕ್ಷೆಗೆಂದು
ನಾಲ್ಕನೆಯದನ್ನು ಆ ಸತ್ತ ಕಂಬದಂಥದ್ದೇ
ಮೌನದ ಮುಂದೆ ಕೂರಿಸಿ, ಒಂದು ಬೈಟ್ ಕಳಿಸಿದಳು. ಸೊನ್ನೆ.
ಅದನ್ನು ಯಾರೂ ಓದಬೇಕಿಲ್ಲ, ಬಂದದ್ದು ಗೊತ್ತಾದರೆ ಆಯಿತು.
ಎಳೆ ಎದ್ದಿತು. ಬೀಗದ ಕೈ ಮೊಳೆಗೆ ತೂಗುಹಾಕಿತು.
ಏಳನೇ ಬಾಗಿಲನ್ನು ತಾನೇ, ಒಳಗಿನಿಂದ, ಮುಚ್ಚಿತು.
ಹೊಸಿಲಲ್ಲಿ ದೀಪ ಆರಿತು.

ಪರದೆಯ ಮೇಲೆ ಒಂದು ಸಾಲು:
ನಾಲ್ಕು. ಕಾಯುತ್ತಿದ್ದೆ. ಕರೆದರು. ಬಂದೆ.

ಹೆರ್ಮುಂದುರ್ ಕನ್ನಡಕ ಏರಿಸಿ ಎರಡು ಸಲ ಓದಿದ.
ಆರಿದ ಕಾಫಿಯನ್ನು ತಾನೇ ಕುಡಿದ,
ಎಡಗೈ ಮಣಿಕಟ್ಟನ್ನು ಉಜ್ಜುತ್ತ.