ಓರೆಗನ್ನಡಿ

ಮಂಡಿಪೇಟೆಯ ನಮ್ಮ ಚಪ್ಪಲಿ ಅಂಗಡಿಯಲ್ಲಿ
ಮುಖ ತೋರಿಸುವ ಕನ್ನಡಿ ಇಲ್ಲ.
ನೆಲಕ್ಕೆ ಓರೆಯಾಗಿ ಒರಗಿಸಿಟ್ಟದ್ದು ಒಂದೇ,
ಮೊಣಕಾಲಿಂದ ಕೆಳಗಿನ ಜನರನ್ನಷ್ಟೇ ಬಲ್ಲದ್ದು.

ನಾನೂ ಹಾಗೆಯೇ.
ಮೋಟು ಸ್ಟೂಲಿನ ಮೇಲೆ ಕೂತು ಆರು ವರ್ಷ;
ದಾರಿಯಲ್ಲಿ ಸಿಕ್ಕರೆ ಹೆಸರು ಮರೆಯುತ್ತೇನೆ,
ಹಿಮ್ಮಡಿ ಮರೆಯುವುದಿಲ್ಲ.
ಮಂಡಕ್ಕಿ ಭಟ್ಟಿಯವರ ಬೆರಳಸಂದಿಯಲ್ಲಿ ಬೂದಿ ಇರುತ್ತದೆ,
ಮದುಮಗಳ ಉಗುರಂಚಿನಲ್ಲಿ ಅರಿಶಿನ.
ಅಜ್ಜ ಕಾಗದದ ಮೇಲೆ ಪಾದ ಇರಿಸಿ
ಸುತ್ತ ಗೆರೆ ಎಳೆದು ಹೊಲಿಯುತ್ತಿದ್ದ.
ನಾನು ಡಬ್ಬಿ ತೆಗೆದುಕೊಡುತ್ತೇನೆ.

ಹಾಲಮ್ಮ ಬಂದದ್ದು ಹೋದ ವರ್ಷ, ಕಾಲೇಜಿನ ಓಟಕ್ಕೆಂದು.
ಅಜ್ಜಿಯ ಹೆಸರು ಎಂದು ಅವಳೇ ನಕ್ಕಳು.
ಐದನೇ ನಂಬರು. ಎಡ ಅಂಗಾಲಲ್ಲಿ, ಹಿಮ್ಮಡಿ ಮುಗಿಯುವಲ್ಲಿ,
ಕೂಸಿಗೆ ತಾಯಿ ಇಟ್ಟ ದೃಷ್ಟಿಬೊಟ್ಟಿನಂಥ ಮಚ್ಚೆ.
ಹತ್ತೊಂಬತ್ತು ವರ್ಷ ತೊಳೆದರೂ ಹೋಗಿಲ್ಲ ಕಾಡಿಗೆ
ಎಂದುಕೊಂಡು ಲೇಸು ಕಟ್ಟಿದೆ.

ಈ ವರ್ಷ ಯುಗಾದಿ ಕಳೆದು ಮತ್ತೆ ಬಂದಳು.
ಸಾಕ್ಸು ತೆಗೆದಳು.
ಬೊಟ್ಟು ಬೊಟ್ಟಾಗಿ ಉಳಿದಿರಲಿಲ್ಲ.
ಒದ್ದೆ ಕಾಗದದಲ್ಲಿ ಮಸಿ ಹಬ್ಬಿದ ಹಾಗೆ
ಒಂದೇ ಮಗ್ಗುಲಿಗೆ ಹರಿದಿತ್ತು,
ಅಂಚು ಕಂದು, ನಡುವೆ ಕಾಡುಗಪ್ಪು,
ಮೂಲೆಯಲ್ಲಿ ಹೆಸರಿಲ್ಲದ ಒಂದು ಬಣ್ಣ.

ಹೇಗೆ ಹೇಳುವುದು?
ಅಂಗಡಿಯ ಹುಡುಗ, ಹೆಣ್ಣುಮಗಳ ಕಾಲು ಕೈಯಲ್ಲಿ ಹಿಡಿದವನು,
ನಿಮ್ಮ ಅಂಗಾಲು ನೆನಪಿದೆ ಅಂದರೆ ಅದೆಂಥ ಮಾತು?
ಗಲ್ಲಾದಿಂದ ಖಲಂದರ್ ಸಾಹೇಬರು ನೋಡುತ್ತಿದ್ದಾರೆ.

ಸೋದರಮಾವನಿಗೂ ಹೀಗೇ ಇತ್ತು.
ಮುಳ್ಳು ಮುರಿದಿದೆ ಅಂತ ಪಿನ್ನು ಕಾಸಿ ಕೆದಕಿದ,
ಎಕ್ಕೆಹಾಲು ಬಿಟ್ಟ, ಬೆಲ್ಲ ಕಟ್ಟಿದ.
ಒಳಗೆ ಮುಳ್ಳೇ ಇರಲಿಲ್ಲ.
ಅವನಿಗೆ ಮೂವತ್ತು ತುಂಬಲಿಲ್ಲ.
ಅವನ ಮೆಟ್ಟು ಇನ್ನೂ ಅಟ್ಟದ ಮೇಲಿದೆ.

"ಅಕ್ಕಾ" ಅಂದೆ. ನನಗಿಂತ ಚಿಕ್ಕವಳು, ಆದರೂ ಅಂದೆ.
"ಇದು ಹೋದ್ಸಲ ಇಷ್ಟಿರಲಿಲ್ಲ.
ನಮ್ಮ ಮಾವಂಗೆ ಇಂಥದ್ದನ್ನೇ ಕೊನೆಗೆ ಕ್ಯಾನ್ಸರ್ ಅಂದ್ರು."
ಓರೆಗನ್ನಡಿ ಎಳೆದು ಅಂಗಾಲಿಗೆ ಹಿಡಿದೆ.

ಗೆಳತಿ ಮೊಬೈಲಿನಿಂದ ತಲೆ ಎತ್ತದೆ,
ಅಂಗಾಲಲ್ಲಿ ಮಚ್ಚೆ ಇದ್ದೋರು ದೇಶ ಸುತ್ತತಾರಂತೆ ಕಣೇ ಅಂದಳು.
ಹಾಲಮ್ಮ, ಅದೆಲ್ಲ ಬಿಳೀ ತೊಗಲಿನೋರಿಗೆ ರೀ, ಬಿಸಿಲಿಗೆ ಬರೋದು,
ನಾವು ಈ ಬಿಸಿಲಲ್ಲೇ ಬೆಂದೋರು ಅಂದಳು.

ಅಂಗಾಲು ಯಾವತ್ತು ಬಿಸಿಲು ಕಂಡಿತ್ತು?
ಇದು ನನಗೆ ಹೊಳೆದದ್ದು ರಾತ್ರಿ ಉಣ್ಣುವಾಗ.
ಆಗ ಬರೀ "ಚರ್ಮದ ಡಾಕ್ಟ್ರಿಗೆ ತೋರಿಸ್ರಿ" ಅಂದೆ.
ಬೂಟು ಕೊಳ್ಳದೆ ಹೋದಳು.
ಗಿರಾಕಿ ಓಡಿಸಿದೆ ಅಂತ ಸಾಹೇಬರು ಬೈದರು.

ದಸರೆಗೆ ಮುಂಚೆ ಒಂದು ಮಧ್ಯಾಹ್ನ
ಕುಂಟುತ್ತ ಬಂದಳು, ತಾಯಿಯ ಜೊತೆ.
ಅಂಗಾಲಲ್ಲಿ ತೊಡೆಯ ಚರ್ಮದ ತೇಪೆ.
ಲೆನ್ಸು ಇಟ್ಟು ನೋಡಿದರಂತೆ,
ಚೂರು ತೆಗೆದು ಪರೀಕ್ಷೆಗೆ ಕಳಿಸಿದರಂತೆ,
ಹನ್ನೊಂದು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲವಂತೆ.
ಬೇರು ಆಳಕ್ಕೆ ಇಳಿದಿರಲಿಲ್ಲವಂತೆ.
ಅವಳು ಅಂತೆ ಇಲ್ಲದೆಯೇ ಹೇಳಿದಳು.
ಅಂತೆ ಸೇರಿಸುತ್ತಿರುವುದು ನಾನು.

ಮೆತ್ತನೆ ಅಟ್ಟೆ ಬೇಕು ಅಂದಳು.
ಓಟದ ಮಾತು ನಾನು ಎತ್ತಲಿಲ್ಲ, ಅವಳೂ.
ಎಡಗಾಲಿಗೆ ಆರು, ಬಲಗಾಲಿಗೆ ಐದು:
ಎರಡು ಡಬ್ಬಿ ಒಡೆದು ಒಂದು ಜೊತೆ ಮಾಡಿದೆ.
ಉಳಿದ ಎರಡು ಒಂಟಿಗಳನ್ನು ನೋಡಿ
ಸಾಹೇಬರು ಕನ್ನಡಕ ಒರೆಸಿಕೊಂಡರು, ಬೈಯಲಿಲ್ಲ.

ರಾತ್ರಿ ಶಟರು ಅರ್ಧ ಇಳಿಸಿ ಸಾಕ್ಸು ತೆಗೆದೆ.
ಆರು ವರ್ಷ ಊರ ಕಾಲು ಹಿಡಿದವನು
ನನ್ನದನ್ನು ನೋಡಿಕೊಂಡಿರಲಿಲ್ಲ.
ಕನ್ನಡಿ ತಣ್ಣಗಿತ್ತು.
ಬಲಗಾಲಲ್ಲಿ ಒಂದಿದೆ. ಸಾಸಿವೆಯಷ್ಟು, ದುಂಡಗೆ.

ಅವ್ವನಿಗೆ ಫೋನು ಮಾಡಿದೆ.
ಬಲಗಾಲಿನ ಈ ಮಚ್ಚೆ ಹುಟ್ಟಿದಾಗಿಂದ ಐತೇನವ್ವಾ?

ಅವಳು ಸ್ವಲ್ಪ ಹೊತ್ತು ಯೋಚಿಸಿದಳು.
"ನಾ ಬೊಟ್ಟು ಇಡ್ತಿದ್ದದ್ದು ಎಡಗಾಲಿಗಲ್ಲೇನೋ?"