ಇಂಬಳಕ್ಕೆ ಕಣ್ಣಿದೆಯಾ

ಬಿರುನಾಣಿ ಶಾಲೆಗೆ ನಾನು ಬಂದದ್ದು ಸಿಂಧನೂರಿನಿಂದ,
ಪೆಟ್ಟಿಗೆಯಲ್ಲಿ ಎರಡು ಜೊತೆ ಬಟ್ಟೆ, ಉತ್ತರಗಳ ಒಂದು ಕಟ್ಟು.
ಹನ್ನೊಂದು ವರ್ಷ ಅದರಿಂದಲೇ ಕಿತ್ತು ಕಿತ್ತು ಹಂಚಿದೆ.
ಸಾಲಲಿಲ್ಲ ಎಂದು ಯಾರೂ ಅನ್ನಲಿಲ್ಲ.

ಈ ಆಗಸ್ಟಿನಲ್ಲಿ, ಏಳನೇ ತರಗತಿಯ ಕೊನೇ ಬೆಂಚಿನಿಂದ
ಹಾಡಿಯ ಮುತ್ತಿ, ಕೈ ಎತ್ತದೆಯೇ:
"ಸಾರ್, ಇಂಬಳಕ್ಕೆ ಕಣ್ಣಿದೆಯಾ?
ನಾವು ಬರೋದು ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಇಲ್ಲ," ಅಂದೆ. "ವಾಸನೆ. ಮುಂದಿನ ಪಾಠ."
ಇಲ್ಲ ಅನ್ನುವ ಮಾತು ಎಷ್ಟು ಹಗುರ,
ಸೀಮೆಸುಣ್ಣದ ಧೂಳಿನಷ್ಟು; ಊದಿದರೆ ಹೋಗಬೇಕಿತ್ತು.
ಹೋಗಲಿಲ್ಲ. ರಾತ್ರಿ ಊಟದ ತಟ್ಟೆಯ ಅಂಚಿಗೂ ಬಂದು ಕೂತಿತು.
ಯಾರು ಹೇಳಿದ್ದರು ನನಗೆ? ಯಾವ ಪುಟ?
ನಮ್ಮೂರಿನಲ್ಲಿ ಇಂಬಳವೇ ಇಲ್ಲ.

ಮಾರನೆಯ ದಿನ ಹಾಜರಿ ಕರೆಯುವ ಮೊದಲೇ ಹೇಳಿದೆ:
"ನಿನ್ನೆ ನಾನು ಗೊತ್ತಿಲ್ಲದೆ ಹೇಳಿದೆ."
ಕೋಣೆಯಲ್ಲಿ ಸದ್ದಿಲ್ಲ. ಹಂಚಿನ ಮೇಲೆ ಮಳೆ ಮಾತ್ರ.
ಮೊಯ್ದು ಮೆಲ್ಲಗೆ ಕೇಳಿದ: "ಹಾಗಾದರೆ ನೋಟ್ಸಲ್ಲಿ ಏನು ಬರೀಲಿ?"

ಬರೆಯಲಿಲ್ಲ. ಹೊರಗೆ ಹೋದೆವು.
ಏಲಕ್ಕಿ ತೋಟದ ಅಂಚಿನಿಂದ ಹಾರ್ಲಿಕ್ಸ್ ಬಾಟಲಿಗೆ ಮೂರು ಬಂದವು.
ಉತ್ತಯ್ಯ ಬಾಯಿಟ್ಟು ಊದಿದ:
ಮೂರೂ ಎದ್ದು ನಿಂತವು, ದಾರದಂತೆ ತೂಗಿದವು.
ಗಾಜಿನಾಚೆ ಕೈ ಇಟ್ಟ: ಏನೂ ಇಲ್ಲ.
ಮುತ್ತಿ ಕೊಡೆಯ ನೆರಳು ಹಾಯಿಸಿದಳು:
ಒಂದು ತಲೆಯೆತ್ತಿತು. ಉಳಿದೆರಡು ಕದಲಲಿಲ್ಲ.
"ಒಂದಕ್ಕೆ ಮಾತ್ರ ಕಣ್ಣೋ?" "ಎರಡಕ್ಕೆ ನಿದ್ದೆಯೋ?"
"ಹಾಗಾದರೆ ಮೋಡ ಬಂದಾಗಲೂ ಏಳಬೇಕಲ್ಲ?"
ಇದನ್ನು ಕೇಳಿದ್ದು ಯಾರು, ನೆನಪಿಲ್ಲ. ನಾನೇ ಇರಬಹುದು.

ಕೊನೆಗೆ, ಪೊನ್ನಂಪೇಟೆಯಿಂದ ತರಿಸಿದ ಭೂತಗನ್ನಡಿಯಲ್ಲಿ,
ತಲೆಯ ಅಂಚಿಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು.
ಎಣಿಸಿದಳು. ಮತ್ತೆ ಎಣಿಸಿದಳು. ನನ್ನ ಕೈಗೆ ಕೊಟ್ಟಳು.
ಹತ್ತು.
ಹತ್ತು ಕಣ್ಣಿದ್ದೂ ಅದು ಎಲೆಯ ತುದಿಯಲ್ಲಿ ನಿಂತು
ಆ ಕಡೆ ಈ ಕಡೆ ತೂಗಿ, ಗಾಳಿಯನ್ನು ಕೇಳಿ,
ಆಮೇಲೆ ಒಂದು ಹೆಜ್ಜೆ ಇಡುತ್ತದೆ.

ಸಂಜೆ ಮನೆಯಲ್ಲಿ ಕಾಲುಚೀಲ ಕಳಚಿದರೆ
ಹಿಮ್ಮಡಿಯ ಮೇಲೆ ನಾಲ್ಕನೆಯದು, ಈಗಷ್ಟೇ ಕಚ್ಚಿದ್ದು, ಇನ್ನೂ ಸಪೂರ.
ಉಪ್ಪಿನ ಡಬ್ಬಿ ತಾನಾಗಿ ಕೈಗೆ ಬಂದಿತ್ತು.
ಎಷ್ಟು ಹೊತ್ತು ಕುಡಿಯುತ್ತದೆ ಇದು?
ಡಬ್ಬಿ ಕೆಳಗಿಟ್ಟೆ. ಗಡಿಯಾರ ನೋಡಿ
ಪಾಠದ ಡೈರಿಯ ಕೊನೇ ಹಾಳೆಯಲ್ಲಿ ಬರೆದೆ:
ಆರು ಗಂಟೆ ಹತ್ತು ನಿಮಿಷ.