ತೂಕದ ಗುಂಡು

ಬೆಳಗಿನ ಜಾವ ನಾಲ್ಕೂ ಹತ್ತು.
ಮೊಳೆಗೆ ನೇತುಹಾಕಿದ್ದ ತೂಕದ ಗುಂಡು
ಗೋಡೆಗೆ ಎರಡು ಸಲ ತಾಕಿತು,
ಬಾಗಿಲು ಬಡಿಯಲು ನಾಚುವವರ ಬೆರಳಿನ ಹಾಗೆ.
ಎದ್ದು ಕೂತೆ. ಕೊಡದ ನೀರು ಬಳೆಬಳೆಯಾಗಿ ನಡುಗಿ
ಸುಮ್ಮನಾಯಿತು. ಅಷ್ಟೇ.
ಮತ್ತೆ ಮಲಗಿದೆ.

ಹೊತ್ತು ಹುಟ್ಟುವ ಮೊದಲೇ ಕರೆ ಬಂತು.
ಸಕಲೇಶಪುರದ ಆಚೆ, ದಿಣ್ಣೆಯ ನೆತ್ತಿಯಲ್ಲಿ
ನಫೀಸಾ ಟೀಚರ ಮನೆ: ಕಿಟಕಿ ಮೂಲೆಯಿಂದ ಸೂರಿನವರೆಗೆ
ಓರೆ ಬಿರುಕು, ಕೈ ತೂರುವಷ್ಟು.
ಕೆಳಗೆ, ಹೇಮಾವತಿ ಮಗ್ಗುಲ ಹೊಸ ಬಡಾವಣೆಯಲ್ಲಿ
ಕಾಳಸ್ತಪ್ಪನವರ ಮನೆ ಒಂದು ಮೂಲೆ ಕುಸಿದು
ಮೆಟ್ಟಿಲು ಹೊಸ್ತಿಲ ಕೈ ಬಿಟ್ಟು ನಿಂತಿತ್ತು.
ಎರಡೂ ನಾನು ಕಟ್ಟಿದ್ದು.
ನಡುದಾರಿಯ ಹಾಸುಬಂಡೆಯ ಮೇಲಿನ ನನ್ನದೂ
ನಾನೇ ಕಟ್ಟಿದ್ದು. ಅದರ ಸುಣ್ಣದ ಚಕ್ಕೆಯೂ ಉದುರಿರಲಿಲ್ಲ.

"ಗೊತ್ತಾಯ್ತಲ್ಲ," ಅಂದರು ಹೋಟೆಲಿನ ಬೆಂಚಿನವರು,
"ಅವರಿವರ ಸಿಮೆಂಟೆಲ್ಲ ಎಲ್ಲಿ ಸೇರಿತು ಅಂತ."

ಒಂದೇ ಪಾಕ, ಒಂದಕ್ಕೆ ಆರು.
ಒಂದೇ ಹೊಳೆಯ ಮರಳು. ಇದೇ ಕರಣೆ.
ಆಣೆ ಇಟ್ಟರೆ ಯಾರು ಕೇಳುತ್ತಾರೆ?
ಬೀಳದ ಗೋಡೆಯೇ ನನ್ನ ಮೇಲಿನ ಸಾಕ್ಷಿ.

ಹತ್ತು ದಿನಕ್ಕೆ ಹಾಸನದಿಂದ ಜೀಪು ಬಂತು.
ಇಳಿದವರು ಸುಗಂಧಿನಿ ಮೇಡಂ, ನನ್ನ ಮಗಳ ವಯಸ್ಸಿನವರು.
ಮೂರು ಕಬ್ಬಿಣದ ಡಬ್ಬಿ. ನಾನೇ ಹೊತ್ತೆ:
ನೆತ್ತಿಗೊಂದು, ಬಂಡೆಗೊಂದು, ಹೊಳೆದಡದ ಗೋಡಿಗೊಂದು.
ಒಳಗೇನಿದೆ ಅಂದೆ.
"ನಿಮ್ಮ ತೂಕದ ಗುಂಡೇ, ಮೇಸ್ತ್ರಿ.
ಇದು ಸ್ವಲ್ಪ ಬರೆಯಲು ಕಲಿತಿದೆ."

ತಿಂಗಳು ಕಳೆದು ಗೀಟುಗಳನ್ನು ಬಿಡಿಸಿ ತೋರಿಸಿದರು.
ನಮ್ಮ ನಿದ್ದೆಗೆ ತಿಳಿಯದೆ ಹಾದುಹೋದ ಪುಟ್ಟ ನಡುಕ
ಬಂಡೆಯಲ್ಲಿ ಇರುವೆ ಸಾಲು,
ಉಳಿದೆರಡರಲ್ಲಿ ಬೆಕ್ಕು ಪರಚಿದ ಗಾಯ.

ಚಾಟಿ ನೋಡಿಲ್ಲವೇ, ಅಂದರು.
ಹಿಡಿದ ಕೈ ಆಡುವುದು ಗೇಣು, ತುದಿ ಆಡುವುದು ಮಾರು.
ಬುಡದಲ್ಲಿ ಹರವಾಗಿ ಹೊಕ್ಕ ಅಲೆ
ಏರುತ್ತ ಏರುತ್ತ ಇಕ್ಕಟ್ಟಾಗಿ
ಮುಂದೆ ಓಡಲು ನೆಲ ಸಿಗದೆ
ಎರಡೂ ಮಗ್ಗುಲಿಂದ ಮರಳಿ ಬಂದು
ನೆತ್ತಿಯಲ್ಲೇ ಕುಣಿಯುತ್ತದೆ.

ಹೊಳೆದಡದ್ದು ಬೇರೆ ಕತೆ. ಗಂಗಾಳದಲ್ಲಿ ಅಂಬಲಿ.
ಅಂಚಿಗೊಮ್ಮೆ ತಟ್ಟಿ: ಕಂಚು ಸುಮ್ಮನಾದ ಮೇಲೂ
ಅಂಬಲಿ ತೊನೆಯುತ್ತಲೇ ಇರುತ್ತದೆ.

ಬಂಡೆ? ಅದು ಅಲೆಯನ್ನು ತಡೆಯುವುದಿಲ್ಲ.
ಜಾಣ ಗುಮಾಸ್ತನ ಹಾಗೆ, ಬಂದ ಕಾಗದವನ್ನು
ಮೇಜಿನ ಮೇಲೆ ಉಳಿಸಿಕೊಳ್ಳದೆ
ಕೂಡಲೇ ಮುಂದಕ್ಕೆ ದಾಟಿಸುತ್ತದೆ.

ಮೂರು ಗೋಡೆಯ ಗಾರೆಯೂ ಒಂದೇ ಎಂದು
ಮೊಹರು ಒತ್ತಿ ಬರೆದುಕೊಟ್ಟರು.
ಹೋಟೆಲಿಗೆ ಒಯ್ದೆ. ಒಬ್ಬ ಗಟ್ಟಿಯಾಗಿ ಓದಿದ.
ಯಾರೋ ನನಗೂ ಒಂದು ಚಾ ಹೇಳಿದರು.

ಕಾಗದದಲ್ಲಿ ಇಲ್ಲದ್ದು ಒಂದಿದೆ.
ಕಾಳಸ್ತಪ್ಪನವರ ಪಾಯ ತೋಡಿದ ದಿನ
ಗುದ್ದಲಿ ಸದ್ದು ಮಾಡಲಿಲ್ಲ.
ಅಡಿ ನಾಲ್ಕಕ್ಕೂ ಕಪ್ಪು ಗೋಡು, ಬಸವನಹುಳುವಿನ ಚಿಪ್ಪು,
ಹಾರೆ ಕೈ ಬಿಟ್ಟರೆ ತಾನಾಗಿಯೇ ಇಳಿಯುತ್ತಿತ್ತು.
"ಮಣ್ಣು ಮೆತ್ತಗಿದೆ ಸ್ವಾಮಿ," ಅಂದೆ.
ಮೆತ್ತಗೇ ಅಂದೆ.
"ಶುಕ್ರವಾರ ಮುಹೂರ್ತ," ಅಂದರು ಅವರು.
ಎರಡನೇ ಸಲ ನಾನು ಅನ್ನಲಿಲ್ಲ.

ನೆತ್ತಿಯ ವಿಚಾರ ನನಗೆ ತಿಳಿದಿರಲಿಲ್ಲ. ನಫೀಸಾ ಟೀಚರಿಗೆ
ಮುಖ ಎತ್ತಿ ಹಾಗೆಂದು ಹೇಳಿಬಂದೆ.

ಈಗ ಕುಸಿದ ಮೂಲೆ ಬಿಚ್ಚುತ್ತಿದ್ದೇನೆ,
ಗಟ್ಟಿ ನೆಲ ಸಿಗುವ ತನಕ.
ಕಾಳಸ್ತಪ್ಪನವರು ಹತ್ತಿರ ಬಂದು
ಕೂಲಿ ಎಷ್ಟಾಗುತ್ತೆ ಮೇಸ್ತ್ರಿ, ಅನ್ನುತ್ತಾರೆ.
ರಸಮಟ್ಟದ ಗುಳ್ಳೆ ನಡುವಿಗೆ ಬರಲೆಂದು
ಕಾಯುತ್ತಿರುವವನ ಹಾಗೆ
ತಲೆ ಬಗ್ಗಿಸಿಕೊಂಡೇ ಇರುತ್ತೇನೆ.